ಹೆಚ್ಚುವರಿ ನಲವತ್ತಮೂರು ನಿಮಿಷ

ಲಕೋಟೆಯ ಕಿಟಕಿಯಲ್ಲಿ ನನ್ನ ಹೆಸರು:
ಮೆರಿಯೆಲ್ ಪ್ರೋಬರ್ಟ್, ವಾಹನದ ನೋಂದಾಯಿತ ಪಾಲಕಿ.
ಪಾಲಕಿ! ಆ ಹಳೆಯ ನೀಲಿ ಕಾರನ್ನು
ಹಾಲೂಡಿಸಿ ಸಾಕಿದವಳ ಹಾಗೆ.

ಎರಡು ಚಿತ್ರ. ಒಳಗೆ ಬಂದದ್ದು ಐದು ಗಂಟೆ ನಾಲ್ಕು ನಿಮಿಷ,
ಹೊರಬಿದ್ದದ್ದು ಆರು ನಲವತ್ತೇಳು.
ಒಂದು ಗಂಟೆ ಪುಕ್ಕಟೆ. ಮಿಕ್ಕಿದ್ದಕ್ಕೆ ನೂರು ಪೌಂಡು;
ಹದಿನಾಲ್ಕು ದಿನದೊಳಗೆ ತೆಪ್ಪಗೆ ತೆತ್ತರೆ
ಅರವತ್ತು.
ಅರವತ್ತೆಂದರೆ ಶಾಲೆಯ ಅಡುಗೆಮನೆಯಲ್ಲಿ
ಐದು ಗಂಟೆಯ ಆಲೂಗಡ್ಡೆ.

ಪಾತ್ರೆ ತೊಳೆಯುವ ಗೆರೈಂಟ್ ಹೇಳಿದ:
"ಕಸದ ಡಬ್ಬಿಗೆ ಹಾಕು. ಸರ್ಕಾರದ್ದಲ್ಲ, ಪೊಲೀಸರದ್ದಲ್ಲ,
ಓದಿ ನೋಡು, ಎಲ್ಲಾದರೂ ದಂಡ ಅಂತ ಬರೆದಿದ್ದಾರಾ?"
ಬರೆದಿಲ್ಲ. ಶುಲ್ಕ ಅಂದಿದ್ದಾರೆ.
ಬೇಲಿಯಾಚೆಯ ಮಿಸೆಸ್ ಬೆವನ್: "ಕಟ್ಟಿಬಿಡು ಮಾರಾಯ್ತಿ,
ನನ್ನ ಅಳಿಯ ಹಾಗೇ ಎಸೆದ; ಕೋರ್ಟಿನ ಕಾಗದ ಬಂತು,
ಇನ್ನೂರ ಎಪ್ಪತ್ತಾಯಿತು."
ಅವಳ ತಂಗಿ ಹಿಂದಿನಿಂದ ಕತ್ತು ಚಾಚಿ:
"ಓಡಿಸಿದ್ದು ಯಾರೆಂದು ಮಾತ್ರ ಬಾಯಿ ಬಿಡಬೇಡ.
ಅವರೇ ಹುಡುಕಿಕೊಳ್ಳಲಿ."

ಕರಾರು ಮುರಿದೆನಂತೆ.
ಗೇಟಿನ ಕಂಬದಲ್ಲಿ ಫಲಕವಿದೆಯಂತೆ,
ಅದರಡಿ ಚಕ್ರ ಉರುಳಿದೊಡನೆ ಒಪ್ಪಿದ ಹಾಗಂತೆ,
ಸಹಿಯಿಲ್ಲ, ಸಾಕ್ಷಿಯಿಲ್ಲ.
ಇರಬಹುದು. ಅಂಥದೊಂದು ಕರಾರು ನನಗೂ ಗೊತ್ತು,
ತಮ್ಮ ಎಮ್ರಿಸ್ ಮತ್ತು ನಾನು ಒಂಬತ್ತು ವರ್ಷ ಪಾಲಿಸಿದ್ದು.
ಪೆಂಬ್ರೆ ಕಡಲಂಚಿನಲ್ಲಿ ಅಪ್ಪ ಬಿಟ್ಟುಹೋದ ಕ್ಯಾರವಾನು
ಯಾರಿಗೆ ಎಂಬಲ್ಲಿ ನಿಂತ ಮಾತು.
ಮಾತಾಡಕೂಡದೆಂದು ಯಾರೂ ಬರೆದುಕೊಟ್ಟಿರಲಿಲ್ಲ.
ಕ್ಯಾರವಾನಿನ ನೆಲ ಕೊಳೆತು, ಪುರಸಭೆಯವರು ಎಳೆದೊಯ್ದರು.
ಕರಾರು ಉಳಿಯಿತು.
ದಂಡವೆಂದರೆ ಅದು.

ಆ ಸಂಜೆ ಕೊಂಡದ್ದು ಬೆಕ್ಕಿನ ಜಂತುಹುಳದ ಮಾತ್ರೆ, ಒಂದು ಬಲ್ಬು.
ಹತ್ತು ನಿಮಿಷದ ಕೆಲಸ. ಕಾಫಿ ಕುಡಿದು, ಕಾರಿಗೆ ಬಂದು
ಕೀಲಿ ತಿರುವುವಷ್ಟರಲ್ಲಿ
ಫೋನು.
"ನಾನು," ಅಂದ.
ಆಮೇಲೆ ಬಾಯ್ಲರಿನ ಬಗ್ಗೆ ಕೇಳಿದ. ಒತ್ತಡ ಇಳಿಯುತ್ತಿದೆ, ಯಾವ ತಿರುಪು,
ಅಪ್ಪನ ಮನೆಯದೂ ಇದೇ ಕಂಪನಿಯದಲ್ಲವೇ?
ಒಂಬತ್ತು ವರ್ಷದ ಮೇಲೆ ಮನುಷ್ಯ ಕೇಳುವ ಮಾತೇ!
ಎಡಗಡೆಯದು ಅಂದೆ. ಮೆಲ್ಲಗೆ.
ತಿರುಗಿಸಿದ. ನೀರು ನುಗ್ಗುವ ಸದ್ದು
ಅಲ್ಲಿಂದ ಇಲ್ಲಿಯವರೆಗೆ.
ಇಬ್ಬರೂ ಅದನ್ನೇ ಕೇಳುತ್ತ ಕೂತೆವು.
ಗಾಜು ಮಬ್ಬಾಯಿತು.

ಈಗ ಮೇಲ್ಮನವಿಯ ನಮೂನೆಯಲ್ಲೊಂದು ಚೌಕ:
ಹೆಚ್ಚು ಹೊತ್ತು ನಿಲ್ಲಿಸಲು ಕಾರಣ. ಐನೂರು ಅಕ್ಷರ ಮೀರದಂತೆ.
ಮೊದಲು ಬರೆದೆ: ಕುಟುಂಬದ ತುರ್ತು. ಹೊಡೆದುಹಾಕಿದೆ.
ತುರ್ತೇನಿತ್ತು? ಸತ್ತವರಿಲ್ಲ, ಆಸ್ಪತ್ರೆಯಿಲ್ಲ.
ಎಲ್ಲವನ್ನೂ ಬರೆದೆ, ತಿರುಪಿನವರೆಗೂ. ಓದಿಕೊಂಡೆ.
ಎಲ್ಲೋ ಒಂದು ಕಚೇರಿಯಲ್ಲಿ, ಸ್ಯಾಂಡ್‌ವಿಚ್ ಕಚ್ಚುತ್ತ,
ಯಾರೋ ಇದನ್ನು ತೂಗಿ ನೋಡಿ
"ಸಾಲದು" ಎಂದುಬಿಟ್ಟರೆ?
ಅದನ್ನೂ ಹೊಡೆದುಹಾಕಿದೆ.

ಹನ್ನೊಂದನೆಯ ದಿನ ನಡೆದೇ ಹೋದೆ,
ಅದೇ ಹೊತ್ತಿಗೆ, ಅದೇ ಕತ್ತಲಿಗೆ.
ಫಲಕವಿದೆ, ಸುಳ್ಳಲ್ಲ. ಕಂಬ ತಬ್ಬಿದ ಐವಿ ಬಳ್ಳಿ;
ಮೇಲಿನ ದೀಪ ಕೆಟ್ಟಿದೆ.
"ಉಚಿತ" ಎಂಬುದಷ್ಟೇ ಕಾಣುತ್ತದೆ,
ಎಷ್ಟು ಹೊತ್ತೆಂಬುದು ಎಲೆಯ ಹಿಂದೆ.
ನಾಲ್ಕು ಚಿತ್ರ ತೆಗೆದೆ. ಕಂಬದ ಕ್ಯಾಮೆರಾ
ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ,
ನನಗೆ ನಂಬರ್ ಪ್ಲೇಟಿಲ್ಲ.

ಚೌಕದಲ್ಲಿ ಬರೆದೆ: ಫಲಕ ಓದಲಾಗದು. ಚಿತ್ರ ಲಗತ್ತಿಸಿದೆ.
ನಿಜವೇ ಅದು. ಇಡೀ ನಿಜವಲ್ಲ; ಇಡೀ ನಿಜಕ್ಕೆ
ಅವರು ಬಿಲ್ಲು ಕಳಿಸಿಲ್ಲ.
ಗೆದ್ದರೆ ಗೆದ್ದೆ. ಸೋತರೆ
ಐದು ಗಂಟೆಯ ಆಲೂಗಡ್ಡೆ ಎಂಟಾದೀತು.

ಅವರ ಕಾಗದವನ್ನು ಮಾತ್ರ ಎಸೆಯಲಾರೆ.
ಎರಡನೆಯ ಚಿತ್ರದಲ್ಲಿ, ಆರು ನಲವತ್ತೇಳಕ್ಕೆ,
ಗಾಜಿನ ಹಿಂದೆ ಬೂದು ಮಚ್ಚೆಯೊಂದು.
ತಲೆಯಿರಬೇಕು, ನನ್ನದೇ. ತುಸು ವಾಲಿದೆ.

ಎಮ್ರಿಸ್ ಮತ್ತೆ ಫೋನು ಮಾಡಿಲ್ಲ.
ಬಾಯ್ಲರು ಸರಿಯಾಗಿರಬೇಕು.