ಹದಿನೇಳನೆಯ ಪಾಠ

ಬೋರ್ಡಿನ ತುಂಬ ಹೃದಯ ತೆಗೆದೆ,
ಕೆಂಪು ಖಡು, ನೀಲಿ ಖಡು.
ವಿಶ್ವವಿದ್ಯಾಲಯದ ಹಾಸ್ಟೆಲಿನ ಗೋಡೆಗೆ
ರಾತ್ರಿಯೆಲ್ಲ ಬೆರಳಲ್ಲಿ ಬರೆದು ಕಲಿತದ್ದು:
ನಾಲ್ಕು ಕೋಣೆ, ನಾಲ್ಕು ಕವಾಟ.

ಜೋರಾಪುರ ಪೇಟೆಯ ಶಾಲೆ. ಹತ್ತೂವರೆಗೇ ತಗಡು ಕಾದಿತ್ತು.
ಹಿಂದಿನ ಬೆಂಚಿನಲ್ಲಿ ಹಳ್ಳೂರ ಸರ್
ಅಂಕದ ಹಾಳೆ ಮಡಿಚುತ್ತ, ಬಿಚ್ಚುತ್ತ.

ದಸ್ತಗೀರ ಎದ್ದ: 'ಟೀಚರ್ರೀ, ತಪ್ಪ ಐತ್ರಿ.
ಎಡಗಡೆ ಗ್ವಾಡಿ ದಪ್ಪ ಇರತೈತಿ.
ನಮ್ಮಪ್ಪ ಕೊಯ್ದಾಗ ನಾನs ಹಿಡದೀನ್ರಿ.'

'ಯಾರ ಎಡ?' ಅಂದೆ, ಒಂದಿಷ್ಟು ಹೊತ್ತು ಗಳಿಸಲು.
'ಆಡಿಂದ್ರಿ.'

ವರ್ಗವೆಲ್ಲ ನಕ್ಕಿತು. ಖಡು ಅವನ ಕೈಗಿಟ್ಟೆ.
ಆಡಿನ ಎಡ, ನನ್ನ ಬಲ; ಅಲ್ಲಿ
ಉಸಿರು ಬಿಗಿಹಿಡಿದು ಗೋಡೆ ದಪ್ಪ ಮಾಡಿದ
ಗಿಲಾವು ಹಾಕುವವನಂತೆ.

'ಯಾಕ ದಪ್ಪ?'
ಅವನಿಗೆ ಗೊತ್ತಿಲ್ಲ. ಅದೊಂದು ನನಗೆ ಗೊತ್ತು:
ನೆತ್ತರನ್ನು ಅಂಗಾಲಿನವರೆಗೂ
ದೂಡಬೇಕಾದ್ದು ಆ ಗೋಡೆಯೇ.
ಅವನು ತನ್ನ ಕಾಲು ನೋಡಿಕೊಂಡ.
ಅಷ್ಟರಲ್ಲಿ ಗಂಟೆ.

ಸರ್ ಬರೆದರು: 'ವರ್ಗದ ಮೇಲೆ ಹಿಡಿತವಿಲ್ಲ.'

ಸಂಜೆ ರೆಕಾರ್ಡು ಪುಸ್ತಕ ತೆರೆದು ತಿದ್ದುವಾಗ
ಆ ಗೋಡೆಯ ಮೇಲೆ
ಪೆನ್ಸಿಲ್ ಎರಡು ಸಲ ಮುರಿಯಿತು.
ಇನ್ನೂ ಇಪ್ಪತ್ಮೂರು ಪಾಠ.