ಹದಿನಾಲ್ಕನೇ ಮಡಿ

ಹೊರದೇಶದ ಯಂತ್ರದ ಬೆಲೆ ಓದಿ
ಯೆಶಿಮೆಬೆಟ್ ಆ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ
ಅಲುಗಾಡುವ ಮೇಜಿನ ಕಾಲಡಿಗೆ ಇಟ್ಟಳು.
ಬಿತ್ತಬೇಕಿದ್ದುದು ಟೆಫ್:
ಒಂದು ರಾಗಿಕಾಳಿನ ತೂಕಕ್ಕೆ ಎಂಟೋ ಹತ್ತೋ ಕಾಳು,
ಸೀನಿದರೆ ಅರ್ಧ ತಳಿ ಪಕ್ಕದ ಜಿಲ್ಲೆಗೆ.

ಬಿಶೋಫ್ತುವಿನ ಹಿಂಬದಿಯ ಓಣಿಯಲ್ಲಿ
ಗೇಟು, ಮಂಚ, ಶವಪೆಟ್ಟಿಗೆಯ ಹಿಡಿ ಬೆಸೆಯುವ
ಗೆಬೆಯೆಹು ಕೇಳಿದ, "ಎಷ್ಟು ಹೆಕ್ಟೇರು?"
"ಎರಡು ಮೀಟರಿಗೆ ಎರಡು ಮೀಟರು.
ಅಂಥವು ನೂರಿಪ್ಪತ್ತು.
ಒಂದೊಂದಕ್ಕೂ ಬೇರೆ ಬೀಜ."
"ಇದು ಹೊಲವಲ್ಲ ತಾಯಿ, ಮಸಾಲೆ ಡಬ್ಬಿ."

ಮೂರು ವಾರ.
ಸೈಕಲ್ಲಿನ ಮುಂದಿನ ಗಾಲಿ, ಹಲ್ಲು ಸವೆದ ಚಕ್ರ,
ಸೀಮೆಎಣ್ಣೆ ಅಂಗಡಿಯ ಆಲಿಕೆ,
ಬೋರಲು ಹಾಕಿದರೆ ಅದೇ ಶಂಕು.
ತುದಿಗೆ ಸುರಿದ ಬೀಜ
ಸುತ್ತಲೂ ಸಮನಾಗಿ ಇಳಿಯಬೇಕು,
ಗಾಲಿ ಉರುಳಿದಷ್ಟೇ ಶಂಕು ತಿರುಗಬೇಕು,
ಮಡಿ ಮುಗಿಯುವಲ್ಲಿ ಬೀಜ ಮುಗಿಯಬೇಕು.
ಮೊದಲ ಸಲ ಗೋಡೆಗೆ ಎರಚಿತು.
ಎರಡನೆಯ ಸಲ ಬಾಯಿ ಬಿಡಲೇ ಇಲ್ಲ.
ಶಾಲೆಯಿಂದ ಬಂದ ಅವನ ಮಗಳು ಅಂದಳು,
"ಅದಕ್ಕೆ ಹೆದರಿಕೆ. ಮೆಲ್ಲಗೆ ತಳ್ಳಪ್ಪ."

ಜುಲೈ. ಕರಿಮಣ್ಣು ಮೊಣಕಾಲಿನವರೆಗೆ ಮೆತ್ತಿತು.
ಒಂದು ಮಡಿ, ಒಂದು ಪೊಟ್ಟಣ,
ಸೈಕಲ್ ಪಂಪಿನಿಂದ ಕೊಳವೆಗೆ ಒಂದು ಊದು,
ಮತ್ತೆ ಮುಂದಿನ ಮಡಿ.
ಎರಡು ದಿನಕ್ಕೆ ಎಲ್ಲ ಮುಗಿಯಿತು.
ಆ ಕೈಕೂರಿಗೆಗೆ ಬಿದ್ದ ಖರ್ಚು
ಕುರಿಗಿಂತ ಹೆಚ್ಚು, ಹಸುವಿಗಿಂತ ಕಡಿಮೆ.

ಅಕ್ಟೋಬರಿನಲ್ಲಿ ಫೋನು ಮಾಡಿದಳು: ಬಾ.
ಬಂದ, ಬೂಟು ಬದುವಿನ ಮೇಲೆ ಬಿಟ್ಟು.
ತಾನು ಬೆಸೆದ ಗೇಟು ಎಲ್ಲಾದರೂ
ಮೊಳೆತದ್ದನ್ನು ಕಂಡವನೇ ಅಲ್ಲ,
ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು
ತನ್ನದೇ ಹಳೆಯ ಲೆಕ್ಕದ ಪುಸ್ತಕದಂತೆ ಓದತೊಡಗಿದ.
"ಈ ಖಾಲಿ ಜಾಗ, ಚೈನು ಜಾರಿದ್ದು.
ಈ ಸೊಟ್ಟ ಸಾಲು ನಿಮ್ಮದು, ನನ್ನದಲ್ಲ."
ಅವಳು ಮಾತಾಡದೆ ಬೆರಳು ತೋರಿದಳು:
ಹದಿನಾಲ್ಕನೇ ಮಡಿ,
ತುಂಬ ನಸುಹಳದಿ ತೆನೆ,
ನಡುವೆ ಮೂರು ಕೆನ್ನೇರಳೆ,
ಹದಿಮೂರರಿಂದ ನುಸುಳಿ ಬಂದವು.

ಅವನು ತುಂಬ ಹೊತ್ತು ನೋಡಿದ.
"ಒಳಗಿನ ಬೆಸುಗೆ ಉಜ್ಜಿರಲಿಲ್ಲ.
ಅಲ್ಲಿ ಯಾರು ನೋಡುತ್ತಾರೆ ಅಂದುಕೊಂಡೆ."

ಅವಳು ಮೂರನ್ನೂ ಬೇರು ಸಮೇತ ಕಿತ್ತು
ಪುಸ್ತಕದಲ್ಲಿ ಗುರುತು ಹಾಕಿಕೊಂಡಳು.
ಅವನು ಷೆಡ್ಡಿಗೆ ಹೋಗಿ, ಅರ ಹುಡುಕುವ ಮೊದಲೇ
ಕೊಳವೆಯೊಳಗೆ ಕಿರುಬೆರಳು ತೂರಿ
ಕಣ್ಣು ಮುಚ್ಚಿ ತಡವಿದ.
ಇಲ್ಲಿ. ಒಂದು ಗಂಟು.
ಹೊರಗೆಳೆದರೆ ಉಗುರ ತುದಿಗೆ
ಇನ್ನೂ ಒಂದು ಕಾಳು.