ಬಿಸಿನೀರಿನ ದುಭಾಷಿ

ಶಿಡ್ಲಘಟ್ಟದ ಆ ಓಣಿಗೆ ಬೋರ್ಡು ಬೇಕಿಲ್ಲ,
ಬೆಂದ ಹುಳದ ವಾಸನೆಯೇ ವಿಳಾಸ.
ಬೆಳಗಿನ ಐದು. ನಾಲ್ವರು, ನಾಲ್ಕು ನೋಟ್‌ಬುಕ್ಕು,
ಹಿಂದೆ ನಾನು, ದಿನಗೂಲಿ ದುಭಾಷಿ.
ಕನ್ನಡ, ತೆಲುಗು, ದಖ್ಖನಿ ಬರುತ್ತದೆಂದು ಕರೆದಿದ್ದರು;
ಕಷ್ಟಪಟ್ಟದ್ದು ಆ ಮೂರಕ್ಕಲ್ಲ.

ಖೈರುನ್ನೀಸಾ ಕುದಿನೀರಿಗೆ ಬೆರಳದ್ದಿ
ಗೂಡಿನ ಎಳೆ ಹುಡುಕುತ್ತಿದ್ದಳು.
ಇಂಜಿನಿಯರ್ ಪ್ರದ್ಯುಮ್ನ ಮೀಟರಿನ ಬಾಲ ಇಳಿಬಿಟ್ಟು
'ಎಂಬತ್ತೆರಡು' ಅಂದ.
'ಕಚ್ಚಾ' ಅಂದಳು ಅವಳು.
ಇನ್ನೂ ಹಸಿ, ಎಂದೆ ನಾನು.
ಅವನು ಮೀಟರನ್ನು ಅಂಗಿಗೆ ಒರೆಸಿ ಮತ್ತೆ ಅದ್ದಿದ.

ಡಾಕ್ಟರ್ ಎಸ್ತರ್ ನೀರನ್ನು ನೋಡಲೇ ಇಲ್ಲ.
ಅವಳ ಕೈ ತಿರುಗಿಸಿ,
ಗೆರೆಗಳು ಬೆಂದು ಅಳಿಸಿದ ಬೆರಳ ತುದಿಯನ್ನು
ತುಂಬ ಹೊತ್ತು ಹಿಡಿದುಕೊಂಡೇ ಇದ್ದರು.
'ಅದಕ್ಕೇ ರೇಷನ್ ಮೆಷೀನು ನನ್ನ ನಂಬಲ್ಲ' ಎಂದು ನಕ್ಕಳು.
ಹೊರಗೆ ಲೆಕ್ಕದ ಬ್ಯಾಟಪ್ಪ
ಹುಣಸೆ ಸೌದೆಯ ಹೊರೆ ಎಣಿಸುತ್ತಿದ್ದರು, ತುಟಿಯಲ್ಲೇ.

ಮಾಳಿಗೆಯ ಮೇಲೆ ಯಾರೋ ಇಟ್ಟುಹೋದ ಸೋಲಾರ್ ಹೀಟರು,
ಅದರ ಚೌಕಟ್ಟಿನ ಮೇಲೆ ಒದ್ದೆ ದುಪ್ಪಟ್ಟಾ.
'ಕೆಟ್ಟಿದೆಯಾ?'
'ಚೆನ್ನಾಗೈತೆ. ಅದು ಎದ್ದೇಳೋ ಹೊತ್ತಿಗೆ
ನಮ್ಮ ಅರ್ಧ ಕೆಲಸ ಮುಗಿದಿರುತ್ತೆ.'

ಆಮೇಲೆ ಮೂರು ವಾರ ಜಗಳ.
ಹೊತ್ತು ಬದಲಿಸಿ, ಮಧ್ಯಾಹ್ನ ನೂಲು ತೆಗೆಯಿರಿ, ಎಂದ ಪ್ರದ್ಯುಮ್ನ.
ಹೊತ್ತು ಯಾರಪ್ಪನದು, ಎಂದಳು ಸಮಾಜಶಾಸ್ತ್ರದ ತುಳಸಿ.
ಮಾರ್ಕೆಟ್ಟಿನ ಹರಾಜು, ಬೀದಿ ನಲ್ಲಿಯ ಸರದಿ,
ಶಾಲೆ ಬಿಡುವ ಗಂಟೆ, ಎಲ್ಲ ಒಂದೇ ಗೂಡು ಕಣೋ,
ತುದಿ ಸಿಗದೆ ಎಳೆದರೆ ಹರಿಯುತ್ತೆ.
ಇಬ್ಬರದೂ ಕನ್ನಡವೇ.
ಆದರೂ ಇಬ್ಬರೂ ನನ್ನ ಮುಖ ನೋಡಿದರು.

ತುದಿ ಸಿಕ್ಕಿದ್ದು ಎದುರಿನ ಐಸ್ ಗಾಡಿಯ ಮುನಿಶಾಮಿಗೆ.
ಗಿರಾಕಿಯಿಲ್ಲದ ಮಧ್ಯಾಹ್ನ, ಬೀಡಿ ಹಚ್ಚುತ್ತ, ತೆಲುಗಿನಲ್ಲಿ:
ಐಸನ್ನ ಭತ್ತದ ಹೊಟ್ಟಿನಲ್ಲಿ ಹೂತಿಡ್ತೀನಿ, ತಂಪು ಓಡಿಹೋಗಲ್ಲ.
ಬಿಸಿಗೇನು ಬೇರೆ ಕಾಲಿದೆಯಾ ಸ್ವಾಮಿ, ಓಡೋಕೆ?

ಇದನ್ನು ಅನುವಾದಿಸಿದಾಗ
ಮೊದಲ ಸಲ ನಾಲ್ವರೂ ಒಟ್ಟಿಗೆ ಬರೆದುಕೊಂಡರು.

ಹಳೇ ಡ್ರಮ್ಮು, ಅದರ ಸುತ್ತ ಗೋಣಿ ಗೋಣಿ ಹೊಟ್ಟು.
ಸಂಜೆ ಸೂರ್ಯನಿಂದ ತುಂಬಿಸಿದ ನೀರು
ಬೆಳಗಿನ ಐದಕ್ಕೆ ಐವತ್ತೆಂಟು.
ಒಲೆ ಆರಲಿಲ್ಲ, ಹೊಗೆಯೂ ಪೂರಾ ಹೋಗಲಿಲ್ಲ.
ಉಳಿದಷ್ಟು ಡಿಗ್ರಿಗೆ ಸೌದೆಯೇ ಗತಿ.
ಎಸ್ತರ್ ಕೊಟ್ಟ ಉದ್ದ ಹಿಡಿಯ ಜಾಲರಿಯನ್ನು
ಖೈರುನ್ನೀಸಾ ಎರಡು ದಿನ ಬೈದಳು,
ಮೂರನೆಯ ದಿನ ಪಕ್ಕದ ಮನೆಯವಳಿಗೆ ಕೊಡಲಿಲ್ಲ.

ಡ್ರಮ್ಮಿನ ನಲ್ಲಿ ತಿರುಗಿಸಿ, ಬೆರಳೊಡ್ಡಿ, ಅವಳೆಂದಳು:
'ಪಾಪ, ರಾತ್ರಿಯೆಲ್ಲ ಎದ್ದಿತ್ತು, ನನಗೋಸ್ಕರ.'
ಏನಂತೆ, ಏನಂತೆ, ಎಂದರು ನಾಲ್ವರೂ.
ಯಾವ ನೋಟ್‌ಬುಕ್ಕಿಗೆ ಹೇಳಲಿ?
'ನೀರು ಬೆಚ್ಚಗಿದೆಯಂತೆ' ಅಂದುಬಿಟ್ಟೆ.

ಹೊರಗೆ ಬ್ಯಾಟಪ್ಪನ ಲೆಕ್ಕದಲ್ಲಿ
ಆ ವಾರ ನಾಲ್ಕು ಹೊರೆ ಮಿಕ್ಕಿತ್ತು.
ಮೇಲಿನದರ ಮೇಲೆ ಒಂದು ಕೋಳಿ,
ಎಬ್ಬಿಸಿದರೂ ಏಳದೆ, ಕಾವಿಗೆ ಕೂತಿತ್ತು.